ಗೆಲಾಕ್ಸಿಗಳ ಕೂಟವೂ ಅದರ ಕುರುಹುಗಳೂ

ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಅಲ್ಲಿ ಬೆಂಕಿಯುಂಟೆಂದು ತಿಳಿಯುವನು. ಬೆಂಕಿಯು ಅವನಿಗೆ ಪ್ರತ್ಯಕ್ಷವಲ್ಲ. ಹೊಗೆಯೆಂಬ ಲಿಂಗದಿಂದ ಅನುಮಿತವಾದುದು. ಆದರೆ ಮಂಜನ್ನೇ ಹೊಗೆಯೆಂದು ಭ್ರಮಿಸಿದವನು ಇಲ್ಲದ ಬೆಂಕಿಗೆ ನೀರು ಹೊರುವನು. ಇಂತಹ ಸುಳ್ಳು ಕಾರಣವನ್ನು ನಮ್ಮ ತಾರ್ಕಿಕರು ಹೇತ್ವಾಭಾಸವೆಂದು ಕರೆದರು. ಈ ತಿಂಗಳು ವಾಚಕ ಮಹಾಶಯರ ಮುಂದಿಡುವ ವಿಷಯವು ಅತಿ ದೂರದ ಆಕಾಶದ್ದಾದರೂ ಅದರ ತಿರುಳು ಈ ಹಳೆಯ ನ್ಯಾಯವೇ ಆಗಿರುವುದು.

ನಮ್ಮ ಆಕಾಶಗಂಗೆಯು ಹತ್ತು ಸಾವಿರ ಕೋಟಿಗೆ ಕಡಿಮೆಯಿಲ್ಲದ ನಕ್ಷತ್ರಗಳ ಸಮೂಹವಷ್ಟೆ. ಇಂತಹ ಒಂದೊಂದು ಸಮೂಹಕ್ಕೂ ಗೆಲಾಕ್ಸಿಯೆಂದು ಹೆಸರು. ಇವುಗಳಲ್ಲಿ ಕೆಲವು ಪರಸ್ಪರ ಆಕರ್ಷಣದಿಂದ ಸಮೀಪಿಸಿ, ಒಂದರೊಳಗೊಂದು ಹಾದು, ಕಡೆಗೆ ಒಂದೇ ಆಗಿಬಿಡುವುವು. ಈ ಕಾರ್ಯಕ್ಕೆ ಕೋಟ್ಯಂತರ ವರ್ಷಗಳು ಬೇಕು. ಅದನ್ನು ಆದ್ಯಂತವಾಗಿ ನೋಡಬಲ್ಲ ಮನುಷ್ಯನಿಲ್ಲ. ಖಗೋಳಜ್ಞನ ಕೈಯಲ್ಲಿರುವುದು ದೂರದರ್ಶಕವು ತೆಗೆದ ಪಟ ಮಾತ್ರ. ಮದುವೆಯ ನಡುವೆ ತೆಗೆದ ಒಂದೇ ಚಿತ್ರದಿಂದ ನಿಶ್ಚಿತಾರ್ಥವನ್ನೂ ಗೃಹಪ್ರವೇಶವನ್ನೂ ಊಹಿಸುವಂತೆ ಅವನು ಊಹಿಸಬೇಕಾಗಿದೆ.

ಹಾಗಾದರೆ ಕುರುಹುಗಳಾವುವು? ಮೊದಲನೆಯದು ಬಾಲ. ನಮ್ಮ ಹಸ್ತಾ ನಕ್ಷತ್ರವಿರುವ, ಪಾಶ್ಚಾತ್ಯರು ಕಾಗೆಯೆಂದು ಕರೆಯುವ ಮಂಡಲದಲ್ಲಿ ವಿಲಿಯಂ ಹರ್ಷೆಲನು 1785ರಲ್ಲಿ ಕಂಡ ಗೆಲಾಕ್ಸಿಗಳ ಜೋಡಿಯೊಂದುಂಟು. ಅದರ ಪಟದಲ್ಲಿ ಕೀಟದ ಮೀಸೆಗಳಂತೆ ಎರಡು ನೀಳವಾದ ಎಳೆಗಳು ಹೊರಚಾಚಿರುವುವು. ಚಂದ್ರನು ಸಮುದ್ರದಲ್ಲಿ ಉಬ್ಬರವನ್ನೆಬ್ಬಿಸುವಂತೆಯೇ ಒಂದು ಗೆಲಾಕ್ಸಿಯು ಇನ್ನೊಂದರ ಸಮೀಪಭಾಗವನ್ನು ಹೆಚ್ಚಾಗಿಯೂ ದೂರದ ಭಾಗವನ್ನು ಕಡಿಮೆಯಾಗಿಯೂ ಸೆಳೆಯುವುದರಿಂದ ನಕ್ಷತ್ರಗಳು ಹೀಗೆ ಚದುರುವುವು. ಎರಡನೆಯದು ಒಂದೇ ಒಡಲಿನಲ್ಲಿ ಎರಡು ನಡುಗುಂಡಿಗೆಗಳು. ಎನ್‌ಜಿಸಿ 6240 ಎಂಬ ಗೆಲಾಕ್ಸಿಯಲ್ಲಿ ಎರಡು ಕಪ್ಪುಕುಳಿಗಳಿರುವುದನ್ನು 2002ರಲ್ಲಿ ಚಂದ್ರ ಎಂಬ ಎಕ್ಸ್-ಕಿರಣ ದೂರದರ್ಶಕವು ತೋರಿಸಿತು. ಮೂರನೆಯದು ಚಿಪ್ಪು. ಶಾಂತವಾಗಿ ಕಾಣುವ ಅಂಡಾಕಾರದ ಕೆಲವು ಗೆಲಾಕ್ಸಿಗಳ ಸುತ್ತ ಬಲು ಮಸುಕಾದ ಕಮಾನುಗಳಿರುವುದನ್ನು ಮ್ಯಾಲಿನ್ ಮತ್ತು ಕಾರ್ಟರ್ ಎಂಬವರು 1980ರಲ್ಲಿ ಪ್ರಕಟಿಸಿದರು. ಅವು ಹಿಂದೆಂದೋ ನುಂಗಲ್ಪಟ್ಟ ಕಿರಿಯ ಗೆಲಾಕ್ಸಿಯ ಶೇಷಗಳೆಂಬುದು ವಿದ್ವಾಂಸರ ವಿವರಣೆ.

ಹೊಗೆಗೂ ಬೆಂಕಿಗೂ ಇರುವ ಸಂಬಂಧವನ್ನು ಅಡಿಗೆಯ ಮನೆಯಲ್ಲಿ ಕಂಡು ತಿಳಿಯಬಹುದು. ಬಾಲಕ್ಕೂ ಕೂಟಕ್ಕೂ ಇರುವ ಸಂಬಂಧವನ್ನು ಎಲ್ಲಿ ಕಾಣುವುದು? ಸ್ವೀಡನ್ ದೇಶದ ಹೋಮ್‌ಬರ್ಗನು 1941ರಲ್ಲಿ ಒಂದೊಂದು ಗೆಲಾಕ್ಸಿಗೆ 37ರಂತೆ ವಿದ್ಯುದ್ದೀಪಗಳನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿದನು. ಬೆಳಕೂ ಆಕರ್ಷಣವೂ ದೂರದೊಡನೆ ಒಂದೇ ನಿಯಮದಿಂದ ಕ್ಷೀಣಿಸುವುದರಿಂದ, ಬೆಳಕನ್ನಳೆದು ಸೆಳೆತವನ್ನು ತಿಳಿದನು. 1966ರಲ್ಲಿ ಆರ್ಪ್ ಎಂಬವನು 338 ವಿಚಿತ್ರ ಚಿತ್ರಗಳ ಸಂಗ್ರಹವನ್ನು ಹೊರತಂದನು. ಅಷ್ಟು ತೆಳುವಾದ ಎಳೆಗಳು ಕೇವಲ ಆಕರ್ಷಣದಿಂದ ಆಗಲಾರವೆಂದು ಆಗ ಅನೇಕರು ಸಂಶಯಿಸಿದರು. ಟೂಮ್ರೆ ಸಹೋದರರು 1972ರಲ್ಲಿ ಗಣಕಯಂತ್ರದಿಂದ ಲೆಕ್ಕಮಾಡಿ, ಅಂತಹವೇ ಬಾಲಗಳನ್ನು ಬರಿಸಿ ತೋರಿಸಿದರು. ವ್ಯಾಪ್ತಿಯು ಹೀಗೆ ಸಿದ್ಧವಾಯಿತು.

ಆದರೆ ಹೇತ್ವಾಭಾಸದ ಭಯವು ಹೋಗಲಿಲ್ಲ. ಎನ್‌ಜಿಸಿ 3314 ಎಂಬಲ್ಲಿ ಎರಡು ಗೆಲಾಕ್ಸಿಗಳು ಅಪ್ಪಿಕೊಂಡಂತೆ ಕಾಣುವುವು. ವಾಸ್ತವದಲ್ಲಿ ಒಂದು ಇನ್ನೊಂದಕ್ಕಿಂತ ಕೋಟಿಗಟ್ಟಲೆ ಜ್ಯೋತಿರ್ವರ್ಷಗಳಷ್ಟು ಹಿಂದಿದೆ. ನಮ್ಮ ದೃಷ್ಟಿರೇಖೆಯಲ್ಲಿ ಎರಡೂ ಬಿದ್ದಿರುವುವು, ಅಷ್ಟೆ. ಆದುದರಿಂದ ಸಾಮೀಪ್ಯ ಮಾತ್ರದಿಂದ ಕೂಟವನ್ನು ಹೇಳಲಾಗದು. ಆಕಾರವು ಕೆಟ್ಟಿದೆಯೇ ಎಂದು ನೋಡಬೇಕು, ವರ್ಣಪಟಲದಿಂದ ವೇಗಗಳನ್ನು ಹೋಲಿಸಬೇಕು. ಕುರುಹು ಕಾಣದಿದ್ದರೆ ಕೂಟವಿಲ್ಲವೆನ್ನುವುದೂ ತಪ್ಪು. ಮಸುಕಾದ ಬಾಲವು ಅಲ್ಪಕಾಲ ತೆಗೆದ ಪಟದಲ್ಲಿ ಮೂಡುವುದೇ ಇಲ್ಲ.

ಈಗ ಪಟಗಳು ಲಕ್ಷಗಟ್ಟಲೆ ಬರುತ್ತಿರುವುದರಿಂದ ಯಂತ್ರಗಳೂ ಸಹಾಯಮಾಡುವುವು. ಚಿತ್ರವನ್ನು ಅರ್ಧಸುತ್ತು ತಿರುಗಿಸಿ ಮೂಲದಿಂದ ಕಳೆದರೆ, ಉಳಿಯುವ ಶೇಷವೇ ಅದರ ವಿಷಮತೆಯ ಅಳತೆ. ಆದರೂ ಮನುಷ್ಯನ ಕಣ್ಣು ನಿಷ್ಪ್ರಯೋಜಕವಾಗಿಲ್ಲ. 2007ರಲ್ಲಿ ಆರಂಭವಾದ ಗೆಲಾಕ್ಸಿ ಜೂ ಎಂಬ ಉದ್ಯಮದಲ್ಲಿ ಸಾಮಾನ್ಯ ಗೃಹಸ್ಥರು ಮನೆಯಲ್ಲಿಯೇ ಕುಳಿತು ಚಿತ್ರಗಳನ್ನು ವಿಂಗಡಿಸಿದರು. ಅವರ ತೀರ್ಪುಗಳ ಆಧಾರದಿಂದ 2010ರಲ್ಲಿ 3003 ಜೋಡಿಗಳ ಪಟ್ಟಿಯೊಂದು ಪ್ರಕಟವಾಯಿತು.

ನಮ್ಮ ಆಕಾಶಗಂಗೆಯ ಗತಿಯೇನೆಂದು ವಾಚಕರು ಕೇಳಬಹುದು. ಆಂಡ್ರೊಮಿಡಾ ಗೆಲಾಕ್ಸಿಯು ನಮ್ಮ ಕಡೆಗೆ ಬರುತ್ತಿರುವುದನ್ನು ಸ್ಲೈಫರನು 1912ರಲ್ಲಿಯೇ ಅಳೆದನು. ಸುಮಾರು 400 ಕೋಟಿ ವರ್ಷಗಳಲ್ಲಿ ಘಟ್ಟನೆಯು ನಿಶ್ಚಯವೆಂದು 2012ರಲ್ಲಿ ಸಾರಿದರು. 2025ರಲ್ಲಿ ಪ್ರಕಟವಾದ ಗಣನೆಯು, ನೆರೆಯ ಗೆಲಾಕ್ಸಿಗಳ ಸೆಳೆತವನ್ನೂ ಅಳತೆಗಳ ಅನಿಶ್ಚಯವನ್ನೂ ಸೇರಿಸಿಕೊಂಡು, ಮುಂದಿನ 1000 ಕೋಟಿ ವರ್ಷಗಳಲ್ಲಿ ಹಾಗಾಗುವ ಸಂಭವವು ಅರ್ಧಕ್ಕರ್ಧವೆಂದು ಹೇಳಿತು. ಆದರೂ ಆಗಲಿ, ನಕ್ಷತ್ರಗಳ ನಡುವಣ ಅವಕಾಶವು ಅಷ್ಟು ವಿಶಾಲವಾಗಿರುವುದರಿಂದ ಒಂದು ನಕ್ಷತ್ರವು ಮತ್ತೊಂದಕ್ಕೆ ತಾಗುವುದು ಅತಿ ವಿರಳ.

ನಿಶ್ಚಯವೆಂದುದನ್ನು ಸಂಭವವೆಂದು ತಿದ್ದಿಕೊಂಡುದರಿಂದ ಶಾಸ್ತ್ರಕ್ಕೆ ಕುಂದು ಬರಲಿಲ್ಲ, ಗೌರವವೇ ಹೆಚ್ಚಿತು. ನಮ್ಮ ಬೀದಿಯ ಸುದ್ದಿಗಳನ್ನು ಕೇಳುವಾಗಲೂ ಕಂಡುದು ಹೊಗೆಯೋ ಮಂಜೋ ಎಂದು ಒಮ್ಮೆ ವಿಚಾರಿಸಿಕೊಂಡರೆ ಎಷ್ಟೋ ಮನೆಗಳ ಶಾಂತಿಯು ಉಳಿಯುವುದು.