ಜಕ್ಕೂರಿನ ಆ ಬಯಲು

ಮನೆಯಲ್ಲಿ ಕನ್ನಡ, ಟಾಕೀಸಿನಲ್ಲಿ ತೆಲುಗು ಎಂದು ಬದುಕುವ ಕರ್ನೂಲು ಜಿಲ್ಲೆಯ ಕೌತಾಳಂ, ಆದೋನಿ ಕಡೆಯವರಿಗೆ ನಟಿ ಸೌಂದರ್ಯ ಎರಡು ಬಗೆಯಲ್ಲೂ ನಮ್ಮವರು. 2004ರ ಏಪ್ರಿಲ್ 17ರಂದು ಕರೀಂನಗರದ ಚುನಾವಣಾ ಪ್ರಚಾರಕ್ಕೆಂದು ಬೆಂಗಳೂರಿನ ಜಕ್ಕೂರಿನಲ್ಲಿ ಅವರು ಹತ್ತಿದ ಸೆಸ್ನಾ 180 ವಿಮಾನ, ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಸಮೀಪದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ಉರಿಯಿತು. ಅಣ್ಣ, ಪೈಲಟ್ ಸೇರಿ ಒಳಗಿದ್ದ ನಾಲ್ವರೂ ಉಳಿಯಲಿಲ್ಲ. ಅದು ಬಿದ್ದದ್ದು ಬಯಲಿಗೆ. ಮನೆಗಳ ಮೇಲೆ ಬಿದ್ದಿದ್ದರೆ? 2010ರ ಮಾರ್ಚ್ 3ರಂದು ಹೈದರಾಬಾದಿನ ಬೋವೆನಪಲ್ಲಿಯಲ್ಲಿ ನೌಕಾಪಡೆಯ ಪ್ರದರ್ಶನ ವಿಮಾನ ಜನವಸತಿಯ ಕಟ್ಟಡಕ್ಕೇ ಬಡಿಯಿತು, ಇಬ್ಬರು ಪೈಲಟರು ತೀರಿಕೊಂಡರು. ಒಂದೇ ಎಂಜಿನ್ನಿನ ಸಣ್ಣ ವಿಮಾನಕ್ಕೆ ಏರುವ ಮೊದಲ ನಿಮಿಷಗಳೇ ಗಂಡಾಂತರ. ಕಡಿಮೆ ಎತ್ತರದಲ್ಲಿ ಎಂಜಿನ್ ನಿಂತರೆ ಯೋಚಿಸಲು ಸಮಯವಿಲ್ಲ. ರನ್‌ವೇಗೆ ಮರಳಲು ಗಕ್ಕನೆ ತಿರುಗಿಸಿದರೆ ವೇಗ ಕುಸಿದು, ರೆಕ್ಕೆ ಗಾಳಿಯ ಆಧಾರ ಕಳೆದುಕೊಳ್ಳುತ್ತದೆ. ಬೇಸಿಗೆಯ ಬಿಸಿಗೆ ಗಾಳಿ ತೆಳುವಾಗಿ ಎಂಜಿನ್ನಿನ ಬಲವೂ ರೆಕ್ಕೆಯ ಬಲವೂ ತಗ್ಗುತ್ತವೆ, ಬೆಂಗಳೂರಿನಂಥ ಎತ್ತರದ ಊರಲ್ಲಿ ಇನ್ನಷ್ಟು. ಭಾರ ಹೆಚ್ಚಿದ್ದರಂತೂ ಕೇಳುವುದೇ ಬೇಡ. ಪೈಲಟ್ ಎದುರಿಗೆ ಕಾಣುವ ಖಾಲಿ ಜಾಗಕ್ಕೇ ಇಳಿಸಬೇಕು. ಖಾಲಿ ಜಾಗವೇ ಇಲ್ಲದಿದ್ದರೆ ಎಲ್ಲಿಗೆ ಇಳಿಸಿಯಾನು? ಒಂದು ಕಾಲಕ್ಕೆ ಊರಾಚೆ ಇದ್ದ ಜಕ್ಕೂರನ್ನು ಇಂದು ಮನೆ, ಅಪಾರ್ಟ್‌ಮೆಂಟು, ಹೆದ್ದಾರಿ ಮುತ್ತಿಕೊಂಡಿವೆ. ನಮ್ಮ ಕರ್ನೂಲಿನ ಓರ್ವಕಲ್ಲಿನಲ್ಲೂ 2021ರಲ್ಲಿ ವಿಮಾನ ನಿಲ್ದಾಣ ಬಂದಿದೆ. ಅದರ ರನ್‌ವೇಯ ಎರಡೂ ತುದಿಯ ನೆಲವನ್ನು ಲೇಔಟು ಮಾಡಲು ಬಿಡಬಾರದೆಂದು ಜಿಲ್ಲೆಯ ಜನ ಈಗಲೇ ಪಟ್ಟು ಹಿಡಿಯಬೇಕು, ಸೈಟು ಮಾರಾಟದ ಬೋರ್ಡು ಏಳುವ ಮುಂಚೆ.