ಬಳಸದೆ ಕೊಂದ ಇಲಿಗಳ ಲೆಕ್ಕ



ಜಾತ್ರೆಯಲ್ಲಿ ಕುರಿ-ಕೋಳಿ ಬಲಿ ಕೊಡಬೇಡಿರೆಂದು ನಾವು ಊರೂರು ತಿರುಗಿ ಹೇಳುತ್ತೇವೆ. ದೇವರ ಹೆಸರಿನ ಪ್ರಾಣಿಬಲಿ ತಡೆಯುವ ಕಾನೂನು ನಮ್ಮ ರಾಜ್ಯದಲ್ಲಿ 1959ರಷ್ಟು ಹಳೆಯದು. ಹೀಗೆ ಹೇಳುವಾಗ ಓದಿದ ಹುಡುಗರು ಕೇಳುವ ಪ್ರಶ್ನೆಯೊಂದಿದೆ: "ಪ್ರಯೋಗಾಲಯದಲ್ಲಿ ಇಲಿಗಳನ್ನು ಕೊಲ್ಲುತ್ತಾರಲ್ಲ, ಅದಕ್ಕೇನಂತೀರಿ?" ಕುಚೋದ್ಯವೆಂದು ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಪ್ರಯೋಗ ಮುಗಿದ ಮೇಲೆ ಇಲಿಯನ್ನು ಕೊಂದದ್ದಕ್ಕೆ ಸಂಶೋಧನಾ ಲೇಖನಗಳು ಬಳಸುತ್ತ ಬಂದ ಇಂಗ್ಲಿಷ್ ಪದವೂ 'ಸ್ಯಾಕ್ರಿಫೈಸ್', ಅಂದರೆ ಬಲಿಯೇ!

ಆದರೂ ಎರಡೂ ಒಂದೇ ಅಲ್ಲವೆನ್ನುತ್ತೇನೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ, ಎಷ್ಟು ತಿಂದರೂ ಹಸಿವು ತೀರದೆ ಚೆಂಡಿನಂತೆ ಊದಿದ ಇಲಿಗಳು ಕಾಣಿಸಿಕೊಂಡವು. ಯಾವ ವಂಶವಾಹಿ ಕೆಟ್ಟು ಹೀಗಾಯಿತೆಂದು ತಿಳಿಯಲು 1994ರವರೆಗೆ ಕಾಯಬೇಕಾಯಿತು. ಜೆಫ್ರಿ ಫ್ರೀಡ್‌ಮನ್ ಅವರ ತಂಡ ಹುಡುಕಿದ ಆ ವಂಶವಾಹಿ, ಮೈಯಲ್ಲಿ ಕೊಬ್ಬು ಸಾಕಷ್ಟಿದೆಯೆಂದು ಮೆದುಳಿಗೆ ಸುದ್ದಿ ಮುಟ್ಟಿಸುವ ಲೆಪ್ಟಿನ್ ಎಂಬ ಹಾರ್ಮೋನಿನದು. ಮುಂದೆ ಇದೇ ಕೊರತೆಯಿಂದ ಹುಟ್ಟಿದ ಮಕ್ಕಳೂ ವೈದ್ಯರ ಕಣ್ಣಿಗೆ ಬಿದ್ದರು. ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಅವರ ತೀರದ ಹಸಿವು ತಗ್ಗಿತು. ಅಂಥ ಮಗುವಿನ ತಾಯಿಯ ಮುಂದೆ ನಿಂತು ಈ ಸಂಶೋಧನೆ ಪಾಪವೆನ್ನಲು ನನ್ನ ನಾಲಿಗೆ ಹೊರಳದು. ಕಲ್ಲಿನ ಮುಂದೆ ಕುರಿ ಕಡಿದು ಯಾವ ಮಗುವಿನ ರೋಗವೂ ವಾಸಿಯಾಗಿಲ್ಲ.

ಆದರೆ ಮಾತು ಇಲ್ಲಿಗೆ ಮುಗಿಯಲಿಲ್ಲ. ಆ ದಪ್ಪ ಇಲಿಗಳು ಸಾಮಾನ್ಯವಾಗಿ ಮರಿ ಹಾಕಲಾರವು. ಹೀಗಾಗಿ ಕೆಟ್ಟ ವಂಶವಾಹಿಯ ಒಂದೇ ಪ್ರತಿ ಹೊತ್ತ, ಮೇಲ್ನೋಟಕ್ಕೆ ಚೆನ್ನಾಗಿರುವ ಗಂಡು ಹೆಣ್ಣನ್ನು ಕೂಡಿಸುತ್ತಾರೆ. ಮೆಂಡಲ್‌ನ ಲೆಕ್ಕದಂತೆ ನಾಲ್ಕು ಮರಿಗಳಲ್ಲಿ ಸರಾಸರಿ ಒಂದು ಮಾತ್ರ ಬೇಕಾದಂಥದು. ಎರಡು ವಂಶವಾಹಿಗಳು ಒಟ್ಟಿಗೆ ಕೆಟ್ಟಿರಬೇಕೆಂದರೆ ಹದಿನಾರಕ್ಕೆ ಒಂದು. ಉಳಿದವುಗಳಲ್ಲಿ ಕೆಲವು ಹೋಲಿಕೆಗೆ, ಕೆಲವು ತಳಿ ಮುಂದುವರಿಸಲಿಕ್ಕೆ. ಮಿಕ್ಕವು? ಪ್ರಯೋಗವನ್ನೇ ಕಾಣದೆ ಸಾಯುತ್ತವೆ. ಯುರೋಪಿಯನ್ ಒಕ್ಕೂಟ 2017ರ ಲೆಕ್ಕ ತೆಗೆದಾಗ ಪ್ರಯೋಗಕ್ಕೆ ಬಳಸಿದ ಪ್ರಾಣಿಗಳು ಸುಮಾರು 94 ಲಕ್ಷ. ಸಾಕಿ, ಬಳಸದೆಯೇ ಕೊಂದವು ಸುಮಾರು 1 ಕೋಟಿ 26 ಲಕ್ಷ. ಈ ಎರಡನೆಯ ಲೆಕ್ಕದಲ್ಲಿ ಹೆಚ್ಚಿನವು ಇಲಿಗಳೇ. ಪ್ರಯೋಗದಲ್ಲಿ ಸತ್ತ ಇಲಿಗಿಂತ ನನ್ನನ್ನು ಕಾಡುವುದು ಈ ಇಲಿ.

ಅಮೆರಿಕದ್ದು ಇನ್ನೂ ವಿಚಿತ್ರ. ಸಂಶೋಧನೆಗೆಂದೇ ಬೆಳೆಸಿದ ಇಲಿ, ಅದು ಚಿಕ್ಕ ಮೌಸ್ ಆಗಿರಲಿ ದೊಡ್ಡ ರ‍್ಯಾಟ್ ಆಗಿರಲಿ, ಅಲ್ಲಿನ ಪ್ರಾಣಿ ಕಲ್ಯಾಣ ಕಾಯ್ದೆಯ ಕಣ್ಣಿಗೆ 'ಪ್ರಾಣಿ'ಯೇ ಅಲ್ಲ. 2002ರಲ್ಲಿ ಕಾಯ್ದೆಯನ್ನು ಹಾಗೆ ತಿದ್ದಿದರು. ನಮ್ಮ 1960ರ ಕಾಯ್ದೆ ಮನುಷ್ಯನನ್ನು ಬಿಟ್ಟು ಜೀವವಿರುವ ಎಲ್ಲವನ್ನೂ ಪ್ರಾಣಿ ಎನ್ನುತ್ತದೆ. ಇಷ್ಟರ ಮಟ್ಟಿಗೆ ನಮ್ಮ ಕಾನೂನೇ ಮೇಲು.

ಇದೆಲ್ಲ ನಮಗೇಕೆ ಎನ್ನಬೇಡಿ. ನಮ್ಮ ಮಠಗಳು, ಸಮಾಜದ ಸಂಸ್ಥೆಗಳು ವೈದ್ಯಕೀಯ ಮತ್ತು ಫಾರ್ಮಸಿ ಕಾಲೇಜುಗಳನ್ನು ನಡೆಸುತ್ತಿವೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಸಂಸ್ಥೆಯಲ್ಲಿ ನೀತಿ ಸಮಿತಿ ಇರಲೇಬೇಕು. ಅದರಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಕಳಕಳಿಯ ಸದಸ್ಯರೊಬ್ಬರು ಇರಬೇಕೆಂಬ ನಿಯಮವಿದೆ. ಅವರು ಚಹಾ ಕುಡಿದು ಸಹಿ ಹಾಕಿ ಎದ್ದು ಬರುವವರಾಗಬಾರದು. ಎಷ್ಟು ಇಲಿ ಬಳಸುತ್ತೀರಿ ಎಂದಷ್ಟೇ ಅಲ್ಲ, ಅದಕ್ಕಾಗಿ ಎಷ್ಟು ಹುಟ್ಟಿಸುತ್ತೀರಿ, ಉಳಿದವನ್ನು ಏನು ಮಾಡುತ್ತೀರಿ ಎಂದು ಕೇಳಬೇಕು. ವೀರ್ಯವನ್ನೋ ಭ್ರೂಣವನ್ನೋ ಹೆಪ್ಪುಗಟ್ಟಿಸಿ ಕಾದಿಟ್ಟರೆ, ಸದ್ಯಕ್ಕೆ ಬೇಡದ ತಳಿಯನ್ನು ಉಳಿಸಿಕೊಳ್ಳಲೆಂದೇ ವರ್ಷವಿಡೀ ಮರಿ ಹಾಕಿಸಬೇಕಾಗಿಲ್ಲ. ಆ ವಿದ್ಯೆ ಇದೆ, ಖರ್ಚು ಮಾಡುವ ಮನಸ್ಸು ಬೇಕು.

ಮಠದ ವಾರ್ಷಿಕ ವರದಿಯಲ್ಲಿ ದಾಸೋಹದಲ್ಲಿ ಉಂಡವರ ಸಂಖ್ಯೆ, ಪಾಸಾದ ವಿದ್ಯಾರ್ಥಿಗಳ ಸಂಖ್ಯೆ ಅಚ್ಚಾಗುತ್ತದೆ. ಕಾಲೇಜಿನ ಅನಿಮಲ್ ಹೌಸಿನಲ್ಲಿ ಆ ವರ್ಷ ಹುಟ್ಟಿದ, ಬಳಸಿದ, ಬಳಸದೆ ಕೊಂದ ಇಲಿಗಳ ಸಂಖ್ಯೆಯೂ ಅದೇ ವರದಿಯಲ್ಲಿ ಅಚ್ಚಾಗಲಿ. ಈ ವರ್ಷದ ವರದಿಯಿಂದಲೇ ಶುರುವಾಗಲಿ.