ಕಾಡನ್ನು ಓದುವ ಕಸುಬು

ಪದವಿ ಕೈಸೇರಿದ ಮೇಲೆ ಗುಮಾಸ್ತೆಯ ಕುರ್ಚಿ, ಇಲ್ಲವೆ ಉಪಾಧ್ಯಾಯ ವೃತ್ತಿ. ಇದರಾಚೆಗೆ ನಮ್ಮ ಯೋಚನೆ ಹರಿಯುವುದು ವಿರಳ. ಯಳಂದೂರಿನ ನೆತ್ತಿಯ ಮೇಲೆ ಬಿಳಿಗಿರಿರಂಗನ ಬೆಟ್ಟ, ಹನೂರಿನಾಚೆ ಮಲೆ ಮಹದೇಶ್ವರ ಬೆಟ್ಟ ಇದ್ದರೂ ಕಾಡನ್ನು ಓದುವುದೂ ಒಂದು ಕಸುಬೆಂದು ನಮಗೆ ತೋಚುವುದೇ ಇಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದ ಆದಿಯಲ್ಲಿ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಜಾಡು ಹಿಡಿದು ನಡೆದರು. ಪೈರಿಗೆ ನುಗ್ಗುವುದರಲ್ಲಿ ಹೆಣ್ಣಾನೆಗಳಿಗಿಂತ ಸಲಗಗಳೇ ಮುಂದು. ಕಾಡಿನ ಹುಲ್ಲಿಗಿಂತ ಬೆಳೆ ಪುಷ್ಟಿಕರವಾದುದರಿಂದ ಅವು ಪ್ರಾಣಾಪಾಯಕ್ಕೂ ಅಂಜವೆಂದು ತೋರಿಸಿದರು. 2006ರಲ್ಲಿ ಜಪಾನಿನ ಕಾಸ್ಮೋಸ್ ಪ್ರಶಸ್ತಿ ಅವರಿಗೆ ಸಂದಿತು.

ಇದು ವಿಜ್ಞಾನದವರ ಪಾಡು, ಕಲಾ ವಿದ್ಯಾರ್ಥಿಗಳಿಗೇಕೆ ಎನ್ನುವವರುಂಟು. ಈ ಮಾತು ಸರಿಯಲ್ಲ. ಆನೆ ತುಳಿದ ರಾಗಿ ಹೊಲದ ಪರಿಹಾರ ಅರ್ಥಶಾಸ್ತ್ರದ ಪ್ರಶ್ನೆ. ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲಿಯೇ ಸೋಲಿಗರಿಗೆ ದೊರೆತ ಅರಣ್ಯ ಹಕ್ಕು ರಾಜ್ಯಶಾಸ್ತ್ರದ್ದು. ಅವರ ಹಾಡುಗಳಲ್ಲಿ ಉಳಿದಿರುವ ಮರ, ಮೃಗಗಳ ತಿಳಿವನ್ನು ಬರೆದಿಡಲು ಕನ್ನಡ ಬಲ್ಲವನೇ ಬೇಕು.

ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲು ಕೂರುವ ರೈತನ ಮಕ್ಕಳೂ, ಪೋಡಿನಿಂದ ಬರುವ ಸೋಲಿಗರ ಮಕ್ಕಳೂ ಈ ಕಸುಬಿಗೆ ಇಳಿಯದಿದ್ದರೆ ನಮ್ಮ ಕಾಡಿನ ವಿಚಾರವನ್ನು ಪರಊರಿನವರಿಂದಲೇ ಕೇಳಬೇಕಾದೀತು. ಅಧ್ಯಾಪಕರು ದಾರಿ ತೋರಿಸಲಿ. ನಡೆಯುವ ಕಾಲು ನಮಗಿದೆ.